ಟೆಲಿಜಿಯಾಗ್ರಫಿಯ ಕಡಲಡಿ ಕೇಬಲ್ ನಕ್ಷೆ: ಊರು ಹೇಳುತ್ತದೆ, ಕ್ಷೇಮಸಮಾಚಾರ ಹೇಳುವುದಿಲ್ಲ

ದೇಶದೇಶಗಳ ನಡುವೆ ಇಂಟರ್ನೆಟ್ ಸಾಗಿಸುವ ಕಡಲಡಿ ಕೇಬಲ್‌ಗಳನ್ನು ತೋರಿಸುವ ಟೆಲಿಜಿಯಾಗ್ರಫಿ ಸಂಸ್ಥೆಯ ಸಬ್‌ಮರೀನ್ ಕೇಬಲ್ ಮ್ಯಾಪ್ ಪುಕ್ಕಟೆ, ಲಾಗಿನ್ನೂ ಬೇಡ. ಯಾವುದಾದರೂ ಗೆರೆ ಒತ್ತಿದರೆ ಕೇಬಲ್‌ನ ಹೆಸರು, ಶುರುವಾದ ವರ್ಷ, ಉದ್ದ, ಮಾಲೀಕರು, ದಡ ಮುಟ್ಟುವ ಊರುಗಳು ಬರುತ್ತವೆ. ಮುಂಬೈ ಹತ್ತಿರ ಗೆರೆಗಳು ಒತ್ತೊತ್ತಾಗಿವೆ. ಮೊಬೈಲಿನಲ್ಲಿ ಬೆರಳು ಪಕ್ಕದ್ದನ್ನೇ ಹಿಡಿಯುತ್ತದೆ. ಹೆಸರು ಟೈಪಿಸಿ ಹುಡುಕುವುದೇ ಸಲೀಸು.

ಉದ್ದದ ಅಂಕಿಯೊಂದೇ ಸಾಕು, ಈ ನಕ್ಷೆ ಇಟ್ಟುಕೊಳ್ಳಲು. ಗಾಜಿನ ಎಳೆಯಲ್ಲಿ ಬೆಳಕಿನ ಓಟ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಅಂದರೆ ಪ್ರತಿ 1,000 ಕಿ.ಮೀ. ದೂರಕ್ಕೆ ಹೋಗಿಬರಲು 10 ಮಿಲಿಸೆಕೆಂಡ್. ಚೆನ್ನೈ–ಸಿಂಗಪುರದ ಐ2ಐ ಕೇಬಲ್ (2002) 3,200 ಕಿ.ಮೀ.; ಅಲ್ಲಿಗೆ 32. ಬೆಂಗಳೂರು–ಚೆನ್ನೈ ನೆಲದ ದಾರಿಗೆ ಇನ್ನು ನಾಲ್ಕೈದು ಸೇರಿಸಿ. ಸಿಂಗಪುರದ ಸರ್ವರಿಗೆ ಪಿಂಗ್ (ಹೋಗಿಬರಲು ಹಿಡಿಯುವ ಮಿಲಿಸೆಕೆಂಡ್) 40ರ ಆಸುಪಾಸು ಇದ್ದರೆ ನೇರ ದಾರಿ; ಸದಾ 200 ದಾಟುತ್ತಿದ್ದರೆ ಪ್ಯಾಕೆಟ್ (ಡೇಟಾದ ತುಣುಕು) ಊರೆಲ್ಲ ಸುತ್ತಿ ಬರುತ್ತಿರಬಹುದು.

ಖಾತ್ರಿಗೆ ವಿಂಡೋಸ್‌ನಲ್ಲಿ ಟ್ರೇಸರ್ಟ್, ಲಿನಕ್ಸ್‌ನಲ್ಲಿ ಟ್ರೇಸ್‌ರೂಟ್ ಆಜ್ಞೆ ಓಡಿಸಿ; ದಾರಿಯಲ್ಲಿ ಸಿಗುವ ರೂಟರ್‌ಗಳನ್ನೂ ತಗುಲಿದ ಸಮಯವನ್ನೂ ಸಾಲುಸಾಲಾಗಿ ತೋರಿಸುತ್ತದೆ. ರೂಟರ್ ಹೆಸರುಗಳ ನಡುವೆ ಬಿಒಎಂ (ಮುಂಬೈ), ಎಂಎಎ (ಚೆನ್ನೈ), ಎಂಆರ್‌ಎಸ್ (ಫ್ರಾನ್ಸಿನ ಮಾರ್ಸೇ) ತರಹದ ಸಂಕೇತಗಳಿವೆಯೇ ನೋಡಿ. ಸಮಯ ಒಮ್ಮೆಲೇ ಏರಿ, ಕೊನೆಯ ಸಾಲಿನವರೆಗೂ ಇಳಿಯದಿದ್ದರೆ ಕಡಲು ದಾಟಿದ್ದು ಬಹುಶಃ ಅಲ್ಲೇ. ನಡುವಿನ ಒಂದು ಸಾಲು ಮಾತ್ರ ಏರಿದರೆ, ಇಲ್ಲವೇ ನಕ್ಷತ್ರ ಚಿಹ್ನೆ ಬಂದರೆ ಗಾಬರಿ ಬೇಡ: ಆ ರೂಟರ್ ಉತ್ತರ ಕೊಡುವ ಕೆಲಸವನ್ನು ಬದಿಗಿಟ್ಟಿದೆ, ಅಷ್ಟೇ.

ಇನ್ನು ಕೊರತೆಗಳು. ಗೆರೆಗಳು ಕೇಬಲ್ ಮಲಗಿರುವ ನಿಜವಾದ ಜಾಗವಲ್ಲ, ಓದಲು ಸುಲಭವಾಗಲೆಂದು ಬಿಡಿಸಿ ಎಳೆದವು. ಕೆಂಪು ಸಮುದ್ರ ನೋಡಿದರೆ ಬೇರೆ ಬೇರೆ ಹೆದ್ದಾರಿಗಳಿದ್ದಂತೆ ಅನ್ನಿಸುತ್ತದೆ. ವಾಸ್ತವದಲ್ಲಿ ಎಲ್ಲವೂ ಒಂದೇ ಇಕ್ಕಟ್ಟಿನಲ್ಲಿ ನುಸುಳುತ್ತವೆ. 2024ರ ಫೆಬ್ರವರಿಯಲ್ಲಿ ಎಎಇ-1, ಇಐಜಿ, ಸೀಕಾಮ್ ಕೇಬಲ್‌ಗಳು ಒಟ್ಟಿಗೆ ತುಂಡಾದದ್ದು ಅದಕ್ಕೇ. ಇಂಥ ತುಂಡನ್ನು ನಕ್ಷೆ ತೋರಿಸುವುದಿಲ್ಲ, ಗೆರೆ ಹಾಗೇ ಹೊಳೆಯುತ್ತಿರುತ್ತದೆ. ಆಳವೂ ಇಲ್ಲ. ಅದು ಬೇಕಿತ್ತು: ಆಳಕಡಲಲ್ಲಿ ತೋಟದ ಪೈಪಿನಷ್ಟೇ ದಪ್ಪದ ಕೇಬಲ್ ನಿಶ್ಚಿಂತೆಯಾಗಿರುತ್ತದೆ, ದಡದ ಬಳಿ ಉಕ್ಕಿನ ತಂತಿ ಸುತ್ತಿದ್ದರೂ ಲಂಗರು, ಮೀನುಬಲೆಗೆ ಸಿಗುವುದು ಅಲ್ಲೇ ಹೆಚ್ಚು.

ಕಾರವಾರದಿಂದ ಮಂಗಳೂರಿನವರೆಗೆ ದಡ ಮುಟ್ಟುವ ಕೇಬಲ್ ನಕ್ಷೆಯಲ್ಲಿ ಒಂದೂ ಇಲ್ಲ. ಹಾಗಾಗಿ ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಬೆಂಗಳೂರಿನ ಆಫೀಸಿಗೆ ಎರಡು ಇಂಟರ್ನೆಟ್ ಲೈನ್ ಕೊಳ್ಳುವವರು ಕಂಪನಿಯ ಹೆಸರು ಬೇರೆ ಎಂದು ಸುಮ್ಮನಾಗಬಾರದು. ಎರಡೂ ಚೆನ್ನೈಯಲ್ಲೇ ಕಡಲಿಗೆ ಇಳಿಯುತ್ತವೆಯೇ, ಒಂದು ಮುಂಬೈಗೆ ಹೋಗುತ್ತದೆಯೇ, ಯುರೋಪಿಗೆ ಕೆಂಪು ಸಮುದ್ರ ಬಿಟ್ಟು ಬೇರೆ ದಾರಿ ಇದೆಯೇ ಎಂದು ಕೇಬಲ್‌ಗಳ ಹೆಸರು ಸಮೇತ ಬರವಣಿಗೆಯಲ್ಲಿ ಕೇಳಿ. ಬಂದ ಹೆಸರುಗಳನ್ನು ಈ ನಕ್ಷೆಯಲ್ಲಿ ಒಂದೊಂದಾಗಿ ಒತ್ತಿ ತಾಳೆ ನೋಡಿ.