ಗೋಡೆ ಮುಚ್ಚೋ ಮುಂಚೆ ಓದ್ರಿ: ಸೆಲ್ಲಾರ್ ಹೋಮ್ ಥಿಯೇಟರ್ ವೈರಿಂಗ್‌ನಲ್ಲಿ ನಾನು ಮೋಸ ಹೋಗಿದ್ದು

ಕಲಬುರಗಿಯಲ್ಲಿ ಯಾರಾದ್ರೂ ಮನೆ ಕಟ್ಟಿಸ್ತಿದ್ರೆ, ಅದರಲ್ಲೂ ಸೆಲ್ಲಾರ್‌ನಲ್ಲಿ ಹೋಮ್ ಥಿಯೇಟರ್ ಮಾಡೋ ಆಸೆ ಇದ್ರೆ, ಪ್ಲಾಸ್ಟರ್‌ಗೆ ಮುಂಚೆ ಇದನ್ನ ಓದ್ರಿ. ಅಂಗಡಿ ಹೆಸರು ಹಾಕಲ್ಲ. ಹಾಕಬೇಕಂತ ಕೈ ತುರಿಸ್ತದೆ, ಆದ್ರೆ ನನ್ನ ರೊಕ್ಕ ಇನ್ನೂ ಅವನ ಹತ್ರ ಇದೆ.

ನಮ್ಮದು ಸೇಡಂ ರಸ್ತೆ ಕಡೆ ಪ್ಲಾಟು. ಎರೆಮಣ್ಣು ಗೊತ್ತಲ್ಲ, ಗಟ್ಟಿ ನೆಲ ಸಿಗೋ ಹೊತ್ತಿಗೆ ಒಂಬತ್ತು ಅಡಿ ತೋಡಿದ್ದಾಯ್ತು. "ಇಷ್ಟು ತೋಡಿ ಮತ್ತ ಮುರುಮ್ ತುಂಬೋದ್ಯಾಕ್ರಿ, ಸೆಲ್ಲಾರೇ ಮಾಡ್ರಿ" ಅಂದ ಗೌಂಡಿ. ಒಳ್ಳೆ ಮಾತೇ. ನಮ್ಮ ಮೇ ತಿಂಗಳ ಬಿಸಿಲಿಗೆ ಕೆಳಗೆ ತಂಪಾಗಿರ್ತದೆ. ಅಲ್ಲಿಂದಲೇ ನನಗೆ ಪ್ರೊಜೆಕ್ಟರ್ ಹುಚ್ಚು ಹತ್ತಿದ್ದು.

ಪೇಟೆಯ ಅಂಗಡಿಯವನು ಬಂದು ಅಳತೆ ತಗೊಂಡ. 4ಕೆ (ತುಂಬಾ ಸ್ಪಷ್ಟ ಚಿತ್ರದ) ಪ್ರೊಜೆಕ್ಟರ್, ಐದು ಸ್ಪೀಕರ್, ಗುಡುಗಿನಂಥ ಸದ್ದಿಗೆ ಒಂದು ಸಬ್‌ವೂಫರ್. ವೈರಿಂಗ್‌ಗೇ ಬೇರೆ 38,000. "ಪೂರಾ ತಾಮ್ರ್ರಿ ಸರ್." ನಾನು ಆವತ್ತೇ ಕೇಳಿದ್ದೆ, ಖರೇ ಕೇಳಿದ್ದೆ: ಗೋಡೆಯೊಳಗೆ ಪೈಪ್ ಹಾಕಿ ಅದರಲ್ಲಿ ವೈರ್ ಎಳೀರಿ, ನಾಳೆ ಬದಲಿಸೋದು ಬಂದ್ರೆ ಬೇಕಲ್ಲ ಅಂತ. ಅವನ ಉತ್ತರ: "ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ಲತ್ತೀನ್ರಿ. ನಮ್ಮ ವೈರ್ ಬದಲಿ ಮಾಡೋ ಪ್ರಸಂಗ ಬರಂಗಿಲ್ಲ." ಇಪ್ಪತ್ತು ವರ್ಷ ಅಂದ ಕೂಡಲೇ ನಾನು ಬಾಯಿ ಮುಚ್ಚಿದೆ. ಅದೇ ತಪ್ಪು.

ಕೆಲಸ ಮುಗಿದ ದಿನ ಡೆಮೊ ತೋರಿಸಿದ. ಸಮುದ್ರ, ಬಣ್ಣದ ಮೀನು, ಮಕ್ಕಳು ಚಪ್ಪಾಳೆ ಹೊಡೆದರು. ಅಲ್ಲೇ ನಿಂತು ಉಳಿದ ರೊಕ್ಕ ಎಣಿಸಿ ಕೊಟ್ಟೆ.

ಆಮೇಲೆ ಗೃಹಪ್ರವೇಶದ ಗಡಿಬಿಡಿ, ಕೆಳಗೆ ಕೂತು ನೋಡೋಕೆ ಪುರುಸೊತ್ತೇ ಆಗಲಿಲ್ಲ. 2025ರ ಜೂನ್ 3, ಆರ್‌ಸಿಬಿ ಫೈನಲ್. ಬೀಗರನ್ನ ಕರೆದೆ, ಪಕ್ಕದ ಮನೆಯವರನ್ನ ಕರೆದೆ, ಹದಿನಾಲ್ಕು ಜನ. ಸುಸ್ಲಾ, ಮಿರ್ಚಿ ಭಜಿ ಎಲ್ಲಾ ಕೆಳಗೇ ತಂದಿಟ್ಟೆವು. ಮೂಲೆಯ ರ‍್ಯಾಕ್‌ನಲ್ಲಿ ಟಿವಿ ಬಾಕ್ಸ್ ಹಚ್ಚಿದೆ. ನೀಲಿ ಪರದೆ. ನೋ ಸಿಗ್ನಲ್. ತೆಗೆದು ಹಚ್ಚಿದೆ. ನೋ ಸಿಗ್ನಲ್. ಅರ್ಧ ಗಂಟೆ ಇದೇ. ಬೀಗರು ಭಜಿ ಕಡಿಯುತ್ತಾ, "ಏನೂ ಕಾಣದಿದ್ರೂ ತಂಪು ಮಾತ್ರ ಚಲೋ ಅದ ಬಿಡ್ರಿ" ಅಂದ್ರು. ಎಲ್ಲರೂ ನಕ್ಕರು, ತಟ್ಟೆ ಹಿಡ್ಕೊಂಡು ಮೇಲಿನ ಹಳೇ 32 ಇಂಚಿನ ಟಿವಿ ಮುಂದೆ ಹೋಗಿ ಕೂತರು.

ನಾನು ಕೆಳಗೇ ಇದ್ದೆ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು. ಆಗ ಮಗ ಬಂದು ಹೇಳಿದ: "ಪಪ್ಪಾ, ಆವತ್ತು ಅಂಕಲ್ ಇಲ್ಲಿ ಹಚ್ಚಿರ್ಲಿಲ್ಲ. ಲ್ಯಾಪ್‌ಟಾಪ್ ಏಣಿ ಮ್ಯಾಲ ಇಟ್ಟು ಸೀದಾ ಪ್ರೊಜೆಕ್ಟರ್‌ಗೆ ಹಚ್ಚಿದ್ರು."

ಹೌದು. ಅವನ ಚೀಲದಿಂದ ತೆಗೆದ ಮೊಳುದ್ದದ ವೈರು. ಗೋಡೆಯೊಳಗಿನ ವೈರನ್ನ ಅವನು ಮುಟ್ಟೇ ಇರಲಿಲ್ಲ! ನಾನೂ ಅಲ್ಲೇ ನಿಂತಿದ್ದೆ, ಕಣ್ಣಾರೆ ನೋಡಿದ್ದೆ, ಮೀನು ನೋಡ್ತಾ ನಿಂತಿದ್ದೆ. ಹದಿನೆಂಟು ವರ್ಷ ಕಾದ ಕಪ್ ಆರು ರನ್ನಿಂದ ಬಂತು, ನಾನು ಸೆಲ್ಲಾರ್‌ನಲ್ಲಿ ಕೂತು ಮೇಲಿನವರ ಕೂಗಾಟ ಕೇಳಿದೆ.

ಮರುದಿನದಿಂದ ಅವನ ಉತ್ತರಗಳು ಶುರು. ಮೊದಲು, "ನಿಮ್ಮ ಬಾಕ್ಸ್ ಖರಾಬ್ ಅದ." ಅದೇ ಬಾಕ್ಸ್ ಮೇಲಿನ ಟಿವಿಯಲ್ಲಿ ಚಲೋ ನಡೆಯೋ ವಿಡಿಯೊ ಕಳಿಸಿದೆ. ಆಮೇಲೆ, "1080ಕ್ಕ ಇಡ್ರಿ." 4ಕೆಗಿಂತ ಕೆಳಗಿನ ಆ ಸ್ಪಷ್ಟತೆಗೆ ಇಟ್ಟೆ, ಚಿತ್ರ ಬಂತು, ಆದ್ರೆ ಐದು ನಿಮಿಷಕ್ಕೊಮ್ಮೆ ಕಪ್ಪಾಗೋದು. "4ಕೆಗೂ ಇದಕ್ಕೂ ಕಣ್ಣಿಗಿ ಏನ್ ಫರಕ್ ಕಾಣ್ತದ್ರಿ?" ಅಂದ. ಫರಕ್ ಇಲ್ಲದಿದ್ರೆ ನನಗ್ಯಾಕೆ 4ಕೆ ಪ್ರೊಜೆಕ್ಟರ್ ಮಾರಿದೆ ಮಾರಾಯ?

ಬೇರೆ ಎಲೆಕ್ಟ್ರಿಷಿಯನ್ ಕರೆಸಿ ಗೇಣುದ್ದ ಗೋಡೆ ಒಡೆಸಿದೆ. ಪೈಪೇ ಇಲ್ಲ. ಎಚ್‌ಡಿಎಂಐ ವೈರ್, ಅಂದ್ರೆ ಬಾಕ್ಸ್‌ನಿಂದ ಚಿತ್ರ ಒಯ್ಯೋ ವೈರ್, ಸಿಮೆಂಟಿನಲ್ಲಿ ಬೇರು ಬಿಟ್ಟಂಗೆ ಕೂತಿತ್ತು, ಎಳೆದ್ರೆ ಅಲ್ಲಾಡಲಿಲ್ಲ. ಹದಿನೈದು ಮೀಟರ್ ಸಾದಾ ವೈರು. 60 ಹರ್ಟ್ಜ್‌ನ (ಸೆಕೆಂಡಿಗೆ 60 ಸಲ ಬದಲಾಗೋ) 4ಕೆ ಚಿತ್ರಕ್ಕೆ ಸೆಕೆಂಡಿಗೆ 18 ಗಿಗಾಬಿಟ್ ಡೇಟಾ ಹಾಯಬೇಕು, ಸಾದಾ ತಾಮ್ರದ ವೈರಿನಲ್ಲಿ ಐದಾರು ಮೀಟರ್ ದಾಟಿದ ಮೇಲೆ ಅದು ನಂಬಿಕೆಯ ಮಾತಲ್ಲ, ಇಷ್ಟು ದೂರಕ್ಕೆ ಬೆಳಕಿನ ಮೂಲಕ ಡೇಟಾ ಕಳಿಸೋ ಆಪ್ಟಿಕಲ್ ಎಚ್‌ಡಿಎಂಐ ಬೇಕು. ಸಬ್‌ವೂಫರ್ ವೈರನ್ನ ಕರೆಂಟ್ ಲೈನಿಗೆ ಅಂಟಿಸಿ ಎಳೆದಿದ್ದ, ಅದಕ್ಕೇ ಆನ್ ಮಾಡಿದ್ರೆ ಜೇನುಹುಳದಂಗೆ ಗುಂಯ್ ಅನ್ನೋದು. ಸ್ಪೀಕರ್ ವೈರ್ ಬ್ಲೇಡಿನಿಂದ ಕೆರೆದು ನೋಡಿದೆ. ಮೇಲೆ ಮಾತ್ರ ಕೆಂಪು, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಫೋಟೊ ಕಳಿಸಿ ಕೇಳಿದ್ರೆ ಬಂದ ಉತ್ತರ: "ಅದು ಈಗಿನ ಹೊಸ ತಾಮ್ರ್ರಿ ಸರ್."

ಹೊಸ ತಾಮ್ರ! ನಾಕು ಸಲ ಓದಿದೆ ಆ ಮೆಸೇಜನ್ನ. ಬಿಲ್ ತೋರಿಸಿ ಜಗಳಾಡೋಣ ಅಂದ್ರೆ ನನ್ನ ಹತ್ರ ಇರೋದು ಕಚ್ಚಾ ಚೀಟಿ, "ವೈರ್ ಕೆಲಸ 38,000" ಅಷ್ಟೇ. ತಾಮ್ರ ಅಂತ ಎಲ್ಲೂ ಬರೆದಿಲ್ಲ. ಹೆಂಡತಿ ಆವತ್ತೇ ಹೇಳಿದ್ದಳು, ಪಕ್ಕಾ ಬಿಲ್ ತಗೋರಿ ಅಂತ. ಜಿಎಸ್‌ಟಿ ಉಳೀತದೆ ಅಂತ ನಾನೇ ಬೇಡ ಅಂದಿದ್ದೆ. ಇದನ್ನ ಬರೆಯೋಕೂ ನಾಚಿಕೆ.

ನೀವು ಮಾತ್ರ ಒಂದೂವರೆ ಇಂಚಿನ ಪೈಪ್ ಹಾಕಿಸ್ರಿ, ಮುಕ್ಕಾಲು ಇಂಚಿನದರಲ್ಲಿ ಎಚ್‌ಡಿಎಂಐ ತಲೆ ಹೋಗಲ್ಲ. ತಿರುವಿನಲ್ಲಿ ಎಲ್ಬೋ ಬೇಡ, ಉದ್ದ ಬೆಂಡ್ ಇರಲಿ. ಜೊತೆಗೆ ಇಂಟರ್ನೆಟ್‌ಗೆ ಒಂದು ಲ್ಯಾನ್ ವೈರು. ಕರೆಂಟ್ ಲೈನ್ ದೂರ. ಪ್ಲಾಸ್ಟರ್ ಆಗೋ ಮುಂಚೆ ನಿಮ್ಮದೇ ಬಾಕ್ಸ್ ಹಚ್ಚಿ, ಗೋಡೆಯೊಳಗಿನ ಅದೇ ವೈರಿನಲ್ಲಿ ಎರಡು ಗಂಟೆ ಸಿನಿಮಾ ನೋಡ್ರಿ. ಪೈಪ್ ಬಾಯಿಂದ ಬಾಯಿಗೆ ಫೋಟೊ ತೆಗೆದಿಡ್ರಿ. ಮೀನು ತೋರಿಸಿದ್ರೆ ರೊಕ್ಕ ಕೊಡಬ್ಯಾಡ್ರಿ.

ಈಗ ನಮ್ಮ ಸೆಲ್ಲಾರ್‌ನಲ್ಲಿ ಹೊಸ ವೈರ್ ಗೋಡೆಯ ಹೊರಗೇ ಪಟ್ಟಿಯೊಳಗೆ ಓಡ್ತಿದೆ, ಪಿಒಪಿ ಸೀಲಿಂಗ್ ಕೆಳಗೆ ಅಡ್ಡಕ್ಕೆ, ಅದಕ್ಕೆ ಮತ್ತೆ ಹನ್ನೊಂದು ಸಾವಿರ. ಹಳೇ ರೊಕ್ಕ ಅರ್ಧನಾದ್ರೂ ವಾಪಸ್ ಕೊಡು ಅಂದ್ರೆ "ದೀಪಾವಳಿ ಮುಗೀಲಿ ಬರ್ತೀನ್ರಿ" ಅಂದ. ದೀಪಾವಳಿ ಮುಗಿದ ಮೇಲೆ "ಶರಣಬಸವೇಶ್ವರ ಜಾತ್ರಿ ಮುಗೀಲ್ರಿ." ತೇರು ಎಳೆದು ತಿಂಗಳಾಯ್ತು. ನಿನ್ನೆ ಫೋನ್ ಮಾಡಿದೆ, ಎತ್ತಿದವನು ಅವನ ಹುಡುಗ. "ಅಣ್ಣಾರು ಸೈಟ್‌ನಾಗ ಅದಾರ್ರಿ, ಡೆಮೊ ನಡದದ."