1896ರ ಮಾರ್ಗನ್ ಡಾಲರ್: ನಾಣ್ಯಕ್ಕೆ ಮೆಚ್ಚುಗೆ, ಚೀಟಿಗೆ ತಕರಾರು

ಅಮೆರಿಕದ ಒಬ್ಬ ನಾಣ್ಯ ವ್ಯಾಪಾರಿಯಿಂದ ಅಂಚೆಯಲ್ಲಿ ತರಿಸಿಕೊಂಡ ಮಾರ್ಗನ್ ಬೆಳ್ಳಿ ಡಾಲರ್ ಕಳೆದ ಎರಡು ವಾರಗಳಿಂದ ನನ್ನ ಮೇಜಿನ ಮೇಲಿದೆ. 1896ನೆಯ ಇಸವಿಯದೇ ಬೇಕೆಂದು ಕೇಳಿ ಪಡೆದೆ. ಆ ವರ್ಷದ ಜುಲೈ 9ರಂದು ಶಿಕಾಗೋದ ಡೆಮಾಕ್ರಟಿಕ್ ಸಮಾವೇಶದಲ್ಲಿ ವಿಲಿಯಂ ಜೆನಿಂಗ್ಸ್ ಬ್ರಯನ್ ಮನುಕುಲವನ್ನು ಚಿನ್ನದ ಶಿಲುಬೆಗೇರಿಸಬೇಡಿ ಎಂದು ಗುಡುಗಿ, ಚಿನ್ನವೊಂದನ್ನೇ ಹಣದ ಆಧಾರವಾಗಿಡುವ ನೀತಿಯ ವಿರುದ್ಧ, ಬೆಳ್ಳಿಯ ಪರವಾಗಿ, ಮರುದಿನ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾದರು. ಸಾಲದಲ್ಲಿ ಮುಳುಗಿದ್ದ ರೈತರ ಪೀಪಲ್ಸ್ ಪಾರ್ಟಿಯೂ ಅವರನ್ನೇ ತನ್ನ ಅಭ್ಯರ್ಥಿಯೆಂದು ಒಪ್ಪಿಕೊಂಡಿತು.

ಮೊದಲು ವಸ್ತುವಿನ ವಿಚಾರ. ಅಡ್ಡಳತೆ 38.1 ಮಿಲಿಮೀಟರ್, ತಕ್ಕಡಿಯಲ್ಲಿ 26.7 ಗ್ರಾಂ ತೂಗಿತು. ಹತ್ತರಲ್ಲಿ ಒಂಬತ್ತು ಪಾಲು ಬೆಳ್ಳಿ, ಒಂದು ಪಾಲು ತಾಮ್ರ. ಅಂಗೈಯಲ್ಲಿಟ್ಟರೆ ಆಗಿನವರು ಇದನ್ನು ಜೇಬಿನಲ್ಲಿ ಹೊತ್ತು ತಿರುಗಲು ಏಕೆ ಹಿಂಜರಿದರೆಂಬುದು ತಕ್ಷಣ ತಿಳಿಯುತ್ತದೆ. ಭೂತಗನ್ನಡಿಯಲ್ಲಿ ನೋಡುವಂಥದ್ದು ಮುಂಬದಿಯ ಸ್ವಾತಂತ್ರ್ಯದೇವಿಯ ತಲೆ. ಜಾರ್ಜ್ ಮಾರ್ಗನ್ ಕೊರೆದ ಆ ಮುಡಿಯಲ್ಲಿ, ಪಟ್ಟಿಯ ಮೇಲ್ಗಡೆ, ಗೋಧಿಯ ತೆನೆಗಳೂ ಹತ್ತಿಯ ಕಾಯಿಗಳೂ ಒಟ್ಟಿಗೆ ಸಿಕ್ಕಿಸಿಕೊಂಡಿವೆ. ಕಲಾವಿದನ ಮನಸ್ಸಿನಲ್ಲಿ ರಾಜಕೀಯವೇನೂ ಇದ್ದಿರಲಾರದು. ಆದರೂ ಕಾನ್ಸಾಸ್, ಡಕೋಟಾಗಳ ಗೋಧಿ ಬೆಳೆಗಾರರೂ ಟೆಕ್ಸಾಸ್, ಜಾರ್ಜಿಯಾಗಳ ಹತ್ತಿ ಬೆಳೆಗಾರರೂ ಮುಂದೆ ಒಂದೇ ಚಳವಳಿಯಲ್ಲಿ ಕೂಡಿದ್ದನ್ನು ನೆನೆದರೆ ಆ ಮುಡಿಯಿಂದ ಕಣ್ಣು ಕೀಳುವುದು ಕಷ್ಟ.

ತಕರಾರು ಇರುವುದು ನಾಣ್ಯದ ಜೊತೆಗೆ ಬಂದ ಬಣ್ಣದ ಚೀಟಿಯ ಬಗ್ಗೆ. ಇದು ರೈತರು ಹೋರಾಡಿ ಗಳಿಸಿದ ನಾಣ್ಯವೆಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಅದು ತಪ್ಪು, ಈ ನಾಣ್ಯದ ಸ್ವಾರಸ್ಯವನ್ನೇ ಹಾಳುಮಾಡುವ ತಪ್ಪು. 1873ರ ಕಾಯಿದೆ ಬೆಳ್ಳಿ ಡಾಲರನ್ನು ಟಂಕಸಾಲೆಯ ಪಟ್ಟಿಯಿಂದ ಕೈಬಿಟ್ಟ ಮೇಲೆ ಬೆಳ್ಳಿಯ ಪರವಾದವರು ಕೇಳಿದ್ದು, ಯಾರು ಎಷ್ಟು ಬೆಳ್ಳಿ ತಂದರೂ ಒಂದು ಪಾಲು ಚಿನ್ನಕ್ಕೆ ಹದಿನಾರು ಪಾಲು ಬೆಳ್ಳಿಯ ಲೆಕ್ಕದಲ್ಲಿ ಮಿತಿಯಿಲ್ಲದೆ ನಾಣ್ಯ ಹೊಡೆದುಕೊಡಬೇಕು ಎಂದು. ಹಣ ಹೆಚ್ಚಾದರೆ ಬೆಳೆಯ ಬೆಲೆ ಏರಿ ಸಾಲ ಹಗುರಾಗುತ್ತದೆಂಬುದು ಅವರ ಲೆಕ್ಕ. 1878ರ ಬ್ಲ್ಯಾಂಡ್-ಆಲಿಸನ್ ಕಾಯಿದೆ ಕೊಟ್ಟದ್ದು, ತಿಂಗಳಿಗೆ 20ರಿಂದ 40 ಲಕ್ಷ ಡಾಲರ್ ಮೌಲ್ಯದ ಬೆಳ್ಳಿಯನ್ನು ಸರ್ಕಾರ ಪೇಟೆಯ ದರಕ್ಕೆ ಕೊಂಡು ನಾಣ್ಯ ಮಾಡಲಿ ಎಂಬ ರಾಜಿಯನ್ನು. ಖಜಾನೆ ಸದಾ ಆ 20 ಲಕ್ಷದ ಅಂಚಿಗೇ ಅಂಟಿಕೊಂಡಿತು. ಹೊಡೆದ ನಾಣ್ಯಗಳ ಬಹುಪಾಲು ಸಾವಿರದ ಲೆಕ್ಕದಲ್ಲಿ ಚೀಲ ಸೇರಿ ಸರ್ಕಾರದ ನೆಲಮಾಳಿಗೆಗಳಲ್ಲಿ ಬಿದ್ದಿತ್ತು. ನನ್ನ ನಾಣ್ಯದ ದೇವಿಯ ಕೆನ್ನೆಯ ಮೇಲಿನ ಕಚ್ಚುಗಳು ಗಿರಾಕಿಗಳ ಕೈಯಲ್ಲಿ ಸವೆದಾಗ ಆದವಲ್ಲ, ಚೀಲದೊಳಗೆ ಅಕ್ಕಪಕ್ಕದ ನಾಣ್ಯಗಳು ತಾಗಿ ಆದವು.

ರೈತನ ಸಂಕಟವಾದರೂ ಏನು? ಗೋಧಿ ಬುಷೆಲ್ಲಿಗೆ (ಅಲ್ಲಿನ ಧಾನ್ಯದ ಅಳತೆ) ಸುಮಾರು ಒಂದು ಡಾಲರ್ ಇದ್ದ ಕಾಲದಲ್ಲಿ ಹೊಲ ಅಡವಿಟ್ಟು ಸಾಲ ತಂದವನು, 1894ರಲ್ಲಿ ದರ ಅರ್ಧ ಡಾಲರಿನ ಆಸುಪಾಸಿಗೆ ಇಳಿದಾಗ, ಅದೇ ಸಾಲದ ಕಂತಿಗೆ ಎರಡರಷ್ಟು ಗೋಧಿ ಅಳೆಯಬೇಕಾಯಿತು. ದಕ್ಷಿಣದ ಹತ್ತಿ ಬೆಳೆಗಾರನ ಪಾಡು ಇನ್ನೂ ಕೆಟ್ಟದ್ದು: ಬಿತ್ತುವ ಮೊದಲೇ ಬೆಳೆಯನ್ನು ಅಂಗಡಿಯವನಿಗೆ ಬರೆದುಕೊಟ್ಟು ಹಿಟ್ಟು, ಗೊಬ್ಬರಗಳನ್ನು ಉದ್ದರಿ ತರುತ್ತಿದ್ದ ಅವನ ಕೈಗೆ ರೊಕ್ಕವೆಂಬುದು ಬರುತ್ತಿದ್ದುದೇ ಅಪರೂಪ. ಇದಕ್ಕೆ ರೈತ ಸಂಘಟನೆಯಾದ ಫಾರ್ಮರ್ಸ್ ಅಲೈಯನ್ಸ್‌ನ ಚಾರ್ಲ್ಸ್ ಮಕ್ಯೂನ್ ಸೂಚಿಸಿದ ಮದ್ದಿನಲ್ಲಿ ಬೆಳ್ಳಿಯ ಸುದ್ದಿಯೇ ಇರಲಿಲ್ಲ. ಸರ್ಕಾರವೇ ಉಗ್ರಾಣ ಕಟ್ಟಲಿ, ರೈತ ಅಲ್ಲಿ ಬೆಳೆ ಇಟ್ಟು ಅದರ ಬೆಲೆಯ ಶೇಕಡ 80ರಷ್ಟನ್ನು ಕಡಿಮೆ ಬಡ್ಡಿಯ ಸಾಲವಾಗಿ, ಹೊಸ ಕಾಗದದ ಹಣದಲ್ಲಿ ಪಡೆಯಲಿ ಎಂಬುದು ಅವರ ಯೋಜನೆ. ನನ್ನ ಮಟ್ಟಿಗೆ ಆ ಕಾಲದ ಅತ್ಯಂತ ಜಾಣತನದ ಆಲೋಚನೆ ಅದೇ. ಪೀಪಲ್ಸ್ ಪಾರ್ಟಿಯ 1892ರ ಒಮಾಹಾ ಪ್ರಣಾಳಿಕೆಯಲ್ಲಿ ಇದೂ ಇತ್ತು, ಮಿತಿಯಿಲ್ಲದ ಬೆಳ್ಳಿಯೂ ಇತ್ತು, ದೇಶದಲ್ಲಿ ತಲಾ 50 ಡಾಲರಿಗೆ ಕಡಿಮೆಯಿಲ್ಲದಷ್ಟು ಹಣ ಚಲಾವಣೆಯಲ್ಲಿರಬೇಕೆಂಬ ಬೇಡಿಕೆಯೂ ಇತ್ತು. ನಾಲ್ಕು ವರ್ಷಗಳಲ್ಲಿ ಬೆಳ್ಳಿಯೊಂದೇ ಉಳಿದದ್ದಕ್ಕೆ ಪಶ್ಚಿಮದ ಗಣಿ ಧಣಿಗಳ ಹಣವೂ ಒಂದು ಕಾರಣ. ಚೀಟಿ ಬರೆದವರಿಗೆ ಮಕ್ಯೂನ್ ಹೆಸರೂ ಗೊತ್ತಿದ್ದಂತಿಲ್ಲ.

ಇನ್ನೊಂದು ವ್ಯಂಗ್ಯವೂ ಈ ಇಸವಿಯಲ್ಲೇ ಇದೆ. ಸರ್ಕಾರ ಬೆಳ್ಳಿ ಕೊಳ್ಳುವುದನ್ನು 1893ರಲ್ಲೇ ನಿಲ್ಲಿಸಿದ್ದರಿಂದ, ಬ್ರಯನ್ ಊರೂರು ಸುತ್ತುತ್ತಿದ್ದಾಗ ಈ ನಾಣ್ಯ ಹಳೆಯ ದಾಸ್ತಾನಿನ ಲೋಹದಿಂದ ತಯಾರಾಯಿತು. ಇದರೊಳಗಿನ ಬೆಳ್ಳಿಯ ಪೇಟೆ ಬೆಲೆ ಆಗ ಅರ್ಧ ಡಾಲರಿಗಿಂತ ತುಸುವೇ ಹೆಚ್ಚು. ಎದುರಾಳಿಗಳು ಅದನ್ನೇ ಆಡಿಕೊಂಡು, ಒಂದು ಡಾಲರಿನ ಬೆಳ್ಳಿ ನಿಜಕ್ಕೂ ಎಷ್ಟು ದೊಡ್ಡದಾಗಬೇಕೆಂದು ತೋರಿಸುವ ತಟ್ಟೆಯಂಥ ಬಿಲ್ಲೆಗಳನ್ನು ಮಾಡಿಸಿ ಹಂಚಿದರು. ಚುನಾವಣೆಯಲ್ಲಿ ಗೆದ್ದ ರಿಪಬ್ಲಿಕನ್ ಅಭ್ಯರ್ಥಿ ಮೆಕಿನ್ಲಿಗೆ 271, ಬ್ರಯನ್‌ಗೆ 176 ಎಲೆಕ್ಟೊರಲ್ ಮತಗಳು ಬಂದವು.

ವ್ಯಾಪಾರಿಯ ಮೇಲೆ ನನ್ನ ಎರಡನೆಯ ದೂರು: ನಾಣ್ಯವನ್ನು ತಿಕ್ಕಿ ಹೊಳಪಿಸಲಾಗಿದೆ. ದೀಪದಡಿ ಓರೆಯಾಗಿ ಹಿಡಿದರೆ ಹಿಂಬದಿಯ ಹದ್ದಿನ ರೆಕ್ಕೆಯ ಸುತ್ತಲಿನ ಖಾಲಿ ಜಾಗದಲ್ಲಿ ಒಂದೇ ದಿಕ್ಕಿನ ಕೂದಲೆಳೆಯ ಗೀರುಗಳು ಕಾಣುತ್ತವೆ. ತಿಕ್ಕದ ನಾಣ್ಯವನ್ನು ತಿರುಗಿಸಿದಾಗ ಗಾಡಿಯ ಚಕ್ರದ ಅರೆಕಾಲುಗಳಂತೆ ಸುತ್ತುವ ಬೆಳಕು ಇದರಲ್ಲಿ ಸತ್ತುಹೋಗಿದೆ. ಮಾರಾಟದ ವಿವರಣೆಯಲ್ಲಿ ಇದನ್ನು ಹೇಳಿರಲಿಲ್ಲ. ಬರೆದು ಕೇಳಿದಾಗ 1889ರದೊಂದನ್ನು ಬದಲಿಗೆ ಕಳಿಸುತ್ತೇವೆಂದರು. ಇಸವಿ ಬಿಟ್ಟುಕೊಡಲು ಮನಸ್ಸಾಗದೆ ಇದನ್ನೇ ಇಟ್ಟುಕೊಂಡೆ. 1896ರಲ್ಲಿ ಫಿಲಡೆಲ್ಫಿಯಾದಲ್ಲಿ ಸುಮಾರು ಒಂದು ಕೋಟಿ ನಾಣ್ಯಗಳು ಅಚ್ಚಾಗಿದ್ದವು, ಹಾಗಾಗಿ ಈ ಇಸವಿಯದು ದುರ್ಲಭವಲ್ಲ. ಕೊಳ್ಳುವವರು ಅವಸರಪಡದೆ, ತಿಕ್ಕದ, ಮಬ್ಬಾಗಿದ್ದರೂ ಸರಿ ಎನ್ನುವಂಥ ನಾಣ್ಯವನ್ನೇ ಹುಡುಕಲಿ, ಓರೆ ಬೆಳಕಿನಲ್ಲಿ ತೆಗೆದ ಚಿತ್ರವನ್ನು ಮೊದಲೇ ಕೇಳಿ ತರಿಸಿಕೊಳ್ಳಲಿ.