ವಿಶೇಷ ಶಿಕ್ಷಣ: ಬಿ.ಎಡ್. ಸಾಕಾ, ಎಂ.ಎಡ್. ಬೇಕಾ?

ಅಂಗವಿಕಲ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಣದಲ್ಲಿ ಬಿ.ಎಡ್., ಎಂ.ಎಡ್. ಎರಡೂ 2 ವರ್ಷದ ಕೋರ್ಸು. ಎರಡಕ್ಕೂ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ಮಾನ್ಯತೆ ಬೇಕೇ ಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣದೋಷ ವಿಭಾಗದಲ್ಲಿ ಎರಡನ್ನೂ ಓದಬಹುದು.

ಬಿ.ಎಡ್.ಗೆ ಪದವಿಯಲ್ಲಿ ಸಾಮಾನ್ಯವಾಗಿ ಶೇ. 50 ಅಂಕ ಕೇಳುತ್ತಾರೆ. ಇಲ್ಲಿ ಪ್ರಾಯೋಗಿಕ ಕೆಲಸ ಜಾಸ್ತಿ. ಶ್ರವಣದೋಷ ವಿಭಾಗ ಅಂದರೆ, ಪಾಠಕ್ಕೆ ಮೊದಲು ಮಗುವಿನ ಶ್ರವಣ ಸಾಧನದ ಬ್ಯಾಟರಿ ನೋಡಬೇಕು. ಆ, ಈ, ಊ, ಮ್, ಶ್, ಸ್ ಹೇಳಿ ಯಾವುದು ಕೇಳಿಸಿತು ಅಂತ ತಿಳಿದುಕೊಳ್ಳಬೇಕು. ಒಬ್ಬೊಬ್ಬ ಮಗುವಿಗೂ ಬೇರೆ ಪಾಠ ಯೋಜನೆ ಬರೆಯಬೇಕು.

ಎಂ.ಎಡ್.ಗೆ ವಿಶೇಷ ಬಿ.ಎಡ್. ಇರಬೇಕು. ಸಾಮಾನ್ಯ ಬಿ.ಎಡ್. ಆದವರಿಗೆ ಅದರ ಜೊತೆ ಆರ್‌ಸಿಐ ಮಾನ್ಯತೆಯ ವಿಶೇಷ ಶಿಕ್ಷಣ ಡಿಪ್ಲೊಮಾ ಬೇಕು. ಎಷ್ಟೋ ಜನ ಎಡವೋದು ಇಲ್ಲೇ. ಸಂಶೋಧನಾ ಪ್ರಬಂಧವೂ ಇರುತ್ತದೆ.

ತರಗತಿಯಲ್ಲೇ ಇರುವ ಆಸೆಯಿದ್ದರೆ ಬಿ.ಎಡ್. ಧಾರಾಳವಾಗಿ ಸಾಕು. ಶಿಕ್ಷಕರನ್ನು ತಯಾರು ಮಾಡುವ ಕಾಲೇಜಿಗೆ ಹೋಗಬೇಕಾದರೆ ಮಾತ್ರ ಎಂ.ಎಡ್.; ಸುಮ್ನೆ ಇನ್ನೊಂದು ಪದವಿ ಇರಲಿ ಅಂತ ಬೇಡ. ಯಾವುದೇ ಆದರೂ, ಶುಲ್ಕ ಕಟ್ಟುವ ಮೊದಲು ಆ ವರ್ಷಕ್ಕೆ, ಆ ವಿಭಾಗಕ್ಕೇ ಮಾನ್ಯತೆ ಇದೆಯಾ ನೋಡಿ. ಇಲ್ಲದಿದ್ದರೆ ವಿಶೇಷ ಶಿಕ್ಷಕರಾಗಿ ಕೆಲಸ ಮಾಡಲು ಬೇಕಾದ ಆರ್‌ಸಿಐ ನೋಂದಣಿ ಸಿಗುವುದಿಲ್ಲ.